ಸುದ್ದಿಯೂ ಶುದ್ಧಿಯೂ

ಕನ್ನಡದ 'ಸುದ್ದಿ' ಎಂಬ ಮಾತು ಸಂಸ್ಕೃತದ 'ಶುದ್ಧಿ'ಯ ತದ್ಭವವೆಂದು ನಾನು ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಹೇಳುತ್ತೇನೆ. ವಿದ್ಯಾರ್ಥಿಗಳು ನಗುತ್ತಾರೆ. ಅವರ ನಗೆಗೆ ಕಾರಣವಿಲ್ಲದಿಲ್ಲ. ಬೆಳಗಾಗೆದ್ದು ಮೊಬೈಲನ್ನು ತೆರೆದರೆ ಕಾಣುವ ಸುದ್ದಿಗೂ ಶುದ್ಧಿಗೂ ಇರುವ ನಂಟು ಅಷ್ಟು ದೂರದ್ದಾಗಿದೆ. ಮೊದಲು ನಾನೂ ಅವರೊಡನೆ ನಗುತ್ತಿದ್ದೆ. 2025ರ ಮುಂಗಾರಿನ ದಿನಗಳಲ್ಲಿ ನಮ್ಮ ಹಾಸನ ಜಿಲ್ಲೆ ಕಂಡ ಒಂದು ಪ್ರಸಂಗದ ಬಳಿಕ, ಆ ಮಾತನ್ನು ಹೇಳುವಾಗ ನನ್ನ ನಾಲಿಗೆ ಕೊಂಚ ತಡೆಯುತ್ತದೆ. ಏಕೆಂದರೆ ಆ ಪ್ರಸಂಗದಲ್ಲಿ ನನ್ನದೂ ಒಂದು ಪಾಲಿತ್ತು.

ಆ ವರ್ಷ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಹೃದಯಾಘಾತದ ಸಾವಿನ ವರದಿಗಳು ಒಂದರ ಹಿಂದೊಂದು ಬಂದವು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ನಮ್ಮ ದಂಡಿಗನಹಳ್ಳಿಯ ಕಡೆಯವರು ಸೇರಿ ಮಾಡಿಕೊಂಡಿರುವ ವಾಟ್ಸ್‌ಆ್ಯಪ್ ಬಳಗವೊಂದಿದೆ. ಹೋಬಳಿಯಲ್ಲಿಯೇ ಉಳಿದವರು, ಚನ್ನರಾಯಪಟ್ಟಣ ಹಾಸನಗಳಲ್ಲಿ ನೌಕರಿ ಹಿಡಿದವರು, ಬೆಂಗಳೂರು ಸೇರಿದವರು ಎಲ್ಲರೂ ಅದರಲ್ಲಿದ್ದಾರೆ. ಸಾಧಾರಣವಾಗಿ ಅಲ್ಲಿ ಕೊಬ್ಬರಿಯ ಧಾರಣೆ, ಮದುವೆಯ ಕರೆ, ಮಳೆಯ ಮಾತು ಇಷ್ಟೇ. ಆ ತಿಂಗಳು ಮಾತ್ರ ಅದು ಸಾವಿನ ಪಟ್ಟಿಯಾಯಿತು. ನಲವತ್ತು ದಿನಗಳಲ್ಲಿ ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಯಾರೋ ಎಣಿಸುತ್ತಿದ್ದರು, ನಾವು ಮುಂದಕ್ಕೆ ಸಾಗಿಸುತ್ತಿದ್ದೆವು. ಒಂದು ರಾತ್ರಿ ಆ ಪಟ್ಟಿಯನ್ನು ನಾನೂ ಮೂರು ಕಡೆಗೆ ಕಳುಹಿಸಿದೆ. 'ಎಲ್ಲರೂ ಎಚ್ಚರಿಕೆಯಿಂದಿರಿ' ಎಂದು ಕೆಳಗೆ ಬರೆದೆ. ಏತರ ಎಚ್ಚರಿಕೆ, ಹೇಗೆ ಎಚ್ಚರಿಕೆ ಎಂಬುದನ್ನು ನಾನು ಬರೆಯಲಿಲ್ಲ. ನನಗೆ ಗೊತ್ತಿದ್ದರೆ ತಾನೆ?

ಮುಂದೆ ನಡೆದುದು ನಾಡಿಗೇ ತಿಳಿದ ವಿಷಯ. 2025ರ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಾಮಾಜಿಕ ಜಾಲತಾಣದಲ್ಲಿ ಈ ಸಾವುಗಳನ್ನು ಪ್ರಸ್ತಾಪಿಸಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿ ಹತ್ತು ದಿನಗಳೊಳಗೆ ವರದಿ ಕೊಡಬೇಕೆಂದು ತಿಳಿಸಿದರು. ಜೊತೆಗೆ, ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಅನುಮತಿ ನೀಡಿದ್ದೂ ಕಾರಣವಾಗಿರಬಹುದು, ಅದನ್ನು ತಳ್ಳಿಹಾಕುವಂತಿಲ್ಲ ಎಂಬರ್ಥದ ಮಾತನ್ನೂ ಆಡಿದರು. ಸಾವಿಗೂ ಲಸಿಕೆಗೂ ಸಂಬಂಧ ಕಂಡುಬಂದಿಲ್ಲವೆಂದು ಕೇಂದ್ರದ ಆರೋಗ್ಯ ಇಲಾಖೆ ಮರುದಿನವೇ ಹೇಳಿತು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನವೆಂಬುದು ಆಗ ಯಾರ ನೆನಪಿನಲ್ಲಿಯೂ ಇದ್ದಂತೆ ಕಾಣಲಿಲ್ಲ. 1843ರಲ್ಲಿ ಅದೇ ದಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದು ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಸುದ್ದಿ ತನ್ನನ್ನು ತಾನೇ ತೊಳೆದುಕೊಳ್ಳಲು ಅದಕ್ಕೆ ಹದಿನೈದು ದಿನಗಳ ಬಿಡುವಿತ್ತು. ನಮಗೆ ಹದಿನೈದು ನಿಮಿಷವೂ ಉಳಿದಿಲ್ಲ.

ಭಯಕ್ಕಂತೂ ಬಿಡುವೇ ಇರಲಿಲ್ಲ. ಮೈಸೂರು ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿ ನಿಂತರು. ಎದೆಯಲ್ಲಿ ನೋವಿದ್ದವರಿಗಿಂತ ಎದೆಯಲ್ಲಿ ಅಂಜಿಕೆಯಿದ್ದವರೇ ಹೆಚ್ಚು. ಗಾಬರಿಪಡಬೇಡಿರೆಂದು ವೈದ್ಯರು ಬೇಡಿಕೊಳ್ಳಬೇಕಾಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೆಯೇ ಆಗಿತ್ತು. ತುಂಬಿದ ಸಾಲಿನಲ್ಲಿ ನಿಜವಾದ ರೋಗಿ ಎಷ್ಟು ಹೊತ್ತು ಕಾದಿರಬೇಕೆಂದು ಯೋಚಿಸಿದಾಗ, ನಾನು ಕಳುಹಿಸಿದ ಮೂರು ಸಂದೇಶಗಳು ನನಗೆ ಹಗುರವಾಗಿ ತೋರುವುದಿಲ್ಲ.

ಸಮಿತಿಯ ವರದಿ ಜುಲೈ ತಿಂಗಳಲ್ಲಿಯೇ ಬಂದಿತು. ಪರಿಶೀಲನೆಗೆ ಬಂದ ಸಾವುಗಳು 24. ಅವುಗಳಲ್ಲಿ 4 ಹೃದಯದ ಕಾರಣದಿಂದ ಆದುವೇ ಅಲ್ಲ. ಉಳಿದ 20ರಲ್ಲಿ ಬಹುಪಾಲಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಬೊಜ್ಜು, ತಂಬಾಕು, ಮದ್ಯ ಮೊದಲಾದ ಹಳೆಯ ಶತ್ರುಗಳೇ ಹಿನ್ನೆಲೆಯಲ್ಲಿದ್ದುವು. ಜಿಲ್ಲೆಯಲ್ಲಿ ಹೃದ್ರೋಗದ ಸಾವು ಹಿಂದೆಂದೂ ಇಲ್ಲದಷ್ಟು ಏರಿತೆನ್ನಲು ಆಧಾರ ದೊರೆಯಲಿಲ್ಲ. ಲಸಿಕೆಯ ಮೇಲಿನ ಆರೋಪವೂ ನಿಲ್ಲಲಿಲ್ಲ.

ಇಲ್ಲಿ ವಾಚಕರೊಡನೆ ಒಂದು ಲೆಕ್ಕ ಮಾಡಬೇಕೆನಿಸುತ್ತದೆ. ಕನ್ನಡ ಮೇಷ್ಟರ ಲೆಕ್ಕವೆಂದು ತಳ್ಳಿಹಾಕಬಾರದು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರಕ್ಕೆ ಆರು ಸಾವು ಎಂದು ಹಿಡಿದರೂ ಹತ್ತು ಸಾವಿರಕ್ಕೆ ಮೇಲಾಗುತ್ತದೆ. ನಲವತ್ತು ದಿನಗಳ ಪಾಲು ಸಾವಿರವನ್ನು ದಾಟುತ್ತದೆ. ನಮ್ಮ ದೇಶದಲ್ಲಿ ಸಾಯುವ ನಾಲ್ವರಲ್ಲಿ ಒಬ್ಬರಾದರೂ ಹೃದಯ ಹಾಗೂ ರಕ್ತನಾಳಗಳ ರೋಗದಿಂದ ಸಾಯುತ್ತಾರೆ. ಅಂದರೆ, ಯಾವ ವಿಶೇಷವೂ ಇಲ್ಲದ ನಲವತ್ತು ದಿನಗಳಲ್ಲಿ ಈ ಜಿಲ್ಲೆಯಲ್ಲಿ ಇಂಥ ಸಾವುಗಳು ಇನ್ನೂರೈವತ್ತಕ್ಕೂ ಮಿಗಿಲಾಗಿ ನಡೆಯುತ್ತವೆ. ಇದು ಸ್ಥೂಲವಾದ ಗಣನೆ. ಅದರಲ್ಲಿ ಮುದುಕರ ಪಾಲೇ ದೊಡ್ಡದು, ಎಳೆಯರ ಸಾವಿನ ನೋವು ಬೇರೆ, ಎಲ್ಲವೂ ನಿಜ. ಆದರೂ ಒಂದು ಮಾತು ಉಳಿಯುತ್ತದೆ. ನಾವು ಇಪ್ಪತ್ತನಾಲ್ಕನ್ನು ಎಣಿಸಿ ಬೆಚ್ಚಿಬಿದ್ದೆವು. ಇನ್ನೂರೈವತ್ತನ್ನು ಎಂದೂ ಎಣಿಸಿರಲಿಲ್ಲ. ಗಾಳಿಸುದ್ದಿ ಇಲಿಯನ್ನು ಹುಲಿ ಮಾಡುತ್ತದೆಂದು ನಾವು ದೂರುತ್ತೇವೆ. ಇಲ್ಲಿ ಆದುದು ಅದಕ್ಕಿಂತ ವಿಚಿತ್ರ. ಹುಲಿ ಮನೆಯೊಳಗೇ ಮಲಗಿತ್ತು. ನಾವು ಅದರ ಬಾಲವನ್ನು ಕಂಡು, ಬೀದಿಯಲ್ಲಿ ಹಾವು ಹರಿಯಿತೆಂದು ಕೂಗಿದೆವು.

ಹಾಗೆಂದು ಕೂಗಿದ್ದೇ ತಪ್ಪೆಂದು ನಾನು ಹೇಳಲಾರೆ. ಕೂಗದೆ ಇದ್ದಿದ್ದರೆ ಸಮಿತಿಯ ಪರಿಶೀಲನೆ ಹಾಸನದವರೆಗೆ ಬರುತ್ತಿರಲಿಲ್ಲ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ಸರ್ಕಾರಕ್ಕೆ ತಿಳಿಸಬೇಕೆಂಬ ತೀರ್ಮಾನ ಆ ಜುಲೈನಲ್ಲಿ ಪ್ರಕಟವಾದುದೂ ಈ ಗದ್ದಲದಿಂದಲೇ. ಪುನೀತರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ, ಹೊರಗೆ ಸಾವಿರಾರು ರೂಪಾಯಿ ಬೆಲೆಬಾಳುವ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಏರ್ಪಾಡಿದೆಯೆಂಬುದು ಹಲವರಿಗೆ ತಿಳಿದದ್ದು ಆಗಲೇ. ನೋವು ತೋರಿದ ಮೊದಲ ಗಂಟೆಯಲ್ಲಿ ಈ ಒಂದು ಮಾತು ಗೊತ್ತಿದ್ದರೆ ಒಂದು ಜೀವ ಉಳಿದೀತು. ನಾನು ಕಳುಹಿಸಬೇಕಾಗಿದ್ದ 'ಎಚ್ಚರಿಕೆ' ಇದು. ಕಳುಹಿಸಿದ್ದು ಪಟ್ಟಿಯನ್ನು.

ಸುದ್ದಿಗೆ ತಕ್ಷಣವೇ ಪ್ರತಿಕ್ರಿಯೆ ತೋರುವ ಆತುರ ಇದಕ್ಕಿಂತ ಘೋರವಾದ ಫಲವನ್ನೂ ಕೊಟ್ಟಿದೆ. 2012ರ ಆಗಸ್ಟಿನಲ್ಲಿ ಕಿರುಸಂದೇಶಗಳ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಹೋದರು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸಂದೇಶ ನಂಬಿ ಜನ ದಾರಿಗೆ ಅಡ್ಡಗಟ್ಟಿದರು. ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ತಪ್ಪಾಗಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬ ಪ್ರಾಣ ಕಳೆದುಕೊಂಡ. ಮೊದಲನೆಯದಕ್ಕೆ ಸರ್ಕಾರ ಮಾಡಿದ ಉಪಾಯ, ಕೆಲವು ದಿನ ಒಟ್ಟಾಗಿ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸಕೂಡದೆಂಬ ಕಟ್ಟಳೆ. ಎರಡನೆಯದರ ಬೆನ್ನಿಗೇ ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಸಂದೇಶ ಸಾಗಿಸಬಹುದೆಂದು ಮಿತಿ ಹಾಕಿತು. ಎರಡು ಸಲವೂ ಐದೇ! ಕಟ್ಟಳೆ ಮಾಡುವವರಿಗೆ ಎಣಿಸುವುದಲ್ಲದೆ ಬೇರೆ ದಾರಿಯಿಲ್ಲ. ಆದರೆ ನಾನು ಕಳುಹಿಸಿದ್ದು ಮೂರೇ ಕಡೆಗೆ. ಕಟ್ಟಳೆಯ ಒಳಗೇ ಇದ್ದೆ. ಹೊರಗಿನ ಬೇಲಿ ಎಷ್ಟಿದ್ದರೂ ಒಳಗಿನ ವಿವೇಕದ ಕೆಲಸವನ್ನು ಅದು ಮಾಡಲಾರದು.

ವರದಿ ಬಂದು ಕೆಲವು ದಿನಗಳಾದ ಮೇಲೆ ಊರಿಗೆ ಹೋಗಿದ್ದೆ. ಬೆಳಗ್ಗೆ ಹಾಲಿನ ಡೇರಿಯ ಬಳಿ ನೆರೆಮನೆಯ ಹಿರಿಯರೊಬ್ಬರು ಕ್ಯಾನು ಕೆಳಗಿಟ್ಟು ಕೇಳಿದರು: "ಮೇಷ್ಟ್ರೇ, ಅವತ್ತು ಸತ್ತೋರ ಪಟ್ಟಿ ಕಳ್ಸಿದ್ರಲ್ಲ, ಆಮೇಲೆ ಏನಾಯ್ತು ಅದು? ನಮ್ಮ ಹುಡ್ಗ ಸೂಜಿ ಹಾಕಿಸ್ಕೊಂಡಿದ್ದ ಅಂತ ಅವರಮ್ಮ ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲ." ನಾನು ವರದಿಯ ಸಾರವನ್ನು ಹೇಳಿದೆ. ಅವರು ಕೇಳಿ, ಕೋಪವಿಲ್ಲದೆ, "ಇದನ್ನೂ ಕಳ್ಸಬೌದಾಗಿತ್ತು" ಎಂದರು. ವರದಿಯನ್ನು ನಾನು ಪತ್ರಿಕೆಯಲ್ಲಿ ಓದಿ ವಾರವೇ ಆಗಿತ್ತು. ಭಯವನ್ನು ಹಂಚಿದ ಕೈ ಸಮಾಧಾನವನ್ನು ಹಂಚಲು ಏಳಲಿಲ್ಲ. ಅದು ಸುದ್ದಿಯೆಂದೇ ನನಗೆ ಅನ್ನಿಸಿರಲಿಲ್ಲ!

ನಾನು ಹುಡುಗನಾಗಿದ್ದಾಗ ನೆಂಟರ ಊರಿನಿಂದ ಸಾವಿನ ಸುದ್ದಿ ತರುತ್ತಿದ್ದ ಮನುಷ್ಯ ನೆನಪಾಗುತ್ತಾನೆ. ಅವನು ಅಂಗಳದಲ್ಲಿ ನಿಂತು ತಗ್ಗಿದ ದನಿಯಲ್ಲಿ ವಿಷಯ ಹೇಳುತ್ತಿದ್ದ. ಹೇಳಿ ಓಡಿಹೋಗುತ್ತಿರಲಿಲ್ಲ. ಹೇಗಾಯಿತು, ಯಾವಾಗ, ಮಕ್ಕಳು ಬಂದರೇ, ಮಣ್ಣು ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಿದ್ದ. ಅಳುವವರ ಅಳು ಕೇಳುತ್ತಿದ್ದ. ಮನೆಯವರು ಹೊರಟು ನಿಂತರೆ ಜೊತೆಗೆ ನಡೆಯುತ್ತಿದ್ದ. ಅವನಿಗೆ ಅಕ್ಷರ ಬರುತ್ತಿತ್ತೋ ಇಲ್ಲವೋ ನಾನರಿಯೆ. ಸುದ್ದಿಯನ್ನು ತಂದವನು ಅದರ ಹೊಣೆಯನ್ನೂ ಹೊರಬೇಕೆಂಬುದು ಮಾತ್ರ ಅವನಿಗೆ ತಿಳಿದಿತ್ತು.

ಈಗಲೂ ಬಳಗದಲ್ಲಿ ಸಾವಿನ ಸುದ್ದಿಗಳು ಬರುತ್ತವೆ. ನಾನು ಅವನ್ನು ಮುಂದಕ್ಕೆ ಕಳುಹಿಸುವ ಮುನ್ನ, ಕೇಳುವವರ ಅಂಗಳದಲ್ಲಿ ಒಂದಿಷ್ಟು ಹೊತ್ತು ನಿಲ್ಲಲು ನಾನು ಸಿದ್ಧನೇ ಎಂದು ಕೇಳಿಕೊಳ್ಳುತ್ತೇನೆ. ಹೆಚ್ಚಿನ ಸಲ ಇಲ್ಲವೆಂದೇ ಉತ್ತರ ಬರುತ್ತದೆ. ಆಗ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ.