ಮೇಷ್ಟ್ರ ಕೈಗೆ ಕೋವಿ ಬೇಡ
ನಾಗಮಂಗಲ ತಾಲ್ಲೂಕಿನ ಪೋಷಕರು, ಶಿಕ್ಷಕರು ಮತ್ತು ಕೋವಿ ಲೈಸೆನ್ಸ್ ಇರುವ ರೈತರಲ್ಲಿ ಮನವಿ



ಮೇಷ್ಟ್ರ ಹತ್ತಿರ ಒಂದು ಬಂದೂಕಿದ್ದರೆ ಮಕ್ಕಳು ಕ್ಷೇಮ ಎಂಬ ಮಾತು ಈಗ ನಮ್ಮ ಟೀ ಅಂಗಡಿಗಳವರೆಗೂ ಬಂದಿದೆ. ಮೊಬೈಲಿನಲ್ಲಿ ಅಮೆರಿಕದ ಶಾಲೆಗಳ ಗುಂಡಿನ ದಾಳಿಯ ವಿಡಿಯೋ ನೋಡಿದವರು ಹೀಗೆನ್ನುತ್ತಾರೆ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡವರು ಹೀಗೆನ್ನುತ್ತಾರೆ. 2024ರ ಸೆಪ್ಟೆಂಬರ್ 11ರ ರಾತ್ರಿ ಗಣೇಶ ಮೆರವಣಿಗೆಯ ಗಲಭೆಯಲ್ಲಿ ನಮ್ಮ ಪಟ್ಟಣದ ಅಂಗಡಿಗಳು ಉರಿದದ್ದನ್ನು ಕಂಡವರೂ ಹೀಗೆನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಆ ರಾತ್ರಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸಲು ಹಿಂದೆಮುಂದೆ ನೋಡಿದ ತಾಯಿಯನ್ನು ಯಾರೂ ಹೀಗಳೆಯಬಾರದು. ಆದರೆ ಆ ಭಯಕ್ಕೆ ಅವರು ಹೇಳುತ್ತಿರುವ ಮದ್ದು ಮಕ್ಕಳನ್ನೇ ಕೊಲ್ಲುತ್ತದೆ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಿಲ್ಲ.

2025ರ ಫೆಬ್ರವರಿಯಲ್ಲಿ ನಮ್ಮದೇ ತಾಲ್ಲೂಕಿನ ದೊಂದೇಮಾದಹಳ್ಳಿಯ ಕೋಳಿ ಫಾರ್ಮಿನಲ್ಲಿ ಏನಾಯಿತು? ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಕುಟುಂಬ ಅದು. ಫಾರ್ಮಿನಲ್ಲಿದ್ದ ಬಂದೂಕು ಒಬ್ಬ ಹುಡುಗನ ಕೈಗೆ ಸಿಕ್ಕಿತು. ಅವನೂ ಮೀಸೆ ಮೂಡದ ಮಗುವೇ. ಗುಂಡು ಹಾರಿ ಆ ಕುಟುಂಬದ ಪುಟ್ಟ ಮಗುವಿನ ಹೊಟ್ಟೆಗೆ ಬಿತ್ತು, ತಾಯಿಯ ಕಾಲಿಗೂ ಗಾಯವಾಯಿತು. ಮಗು ಉಳಿಯಲಿಲ್ಲ. ಅಲ್ಲಿ ಕಳ್ಳನಿರಲಿಲ್ಲ, ಉಗ್ರನಿರಲಿಲ್ಲ, ಜಗಳವೂ ಇರಲಿಲ್ಲ. ಕೈಗೆಟುಕುವ ಜಾಗದಲ್ಲಿ ಒಂದು ಬಂದೂಕಿತ್ತು, ಅದಕ್ಕೆ ಕೈಚಾಚುವ ವಯಸ್ಸಿನ ಹುಡುಗನಿದ್ದ. ಒಂದು ಮಗುವಿನ ಜೀವ ಹೋಗಲು ಅಷ್ಟೇ ಸಾಕಾಯಿತು.

ಈಗ ನಮ್ಮ ಹಳ್ಳಿಯ ಸರ್ಕಾರಿ ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಎಷ್ಟೋ ಕಡೆ ಇಬ್ಬರೇ ಶಿಕ್ಷಕರು. ಒಂದರಿಂದ ಮೂರನೇ ತರಗತಿಯವರಿಗೆ ನಲಿ-ಕಲಿ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಟೀಚರು ಕುರ್ಚಿ ಬಿಟ್ಟು ಮಕ್ಕಳ ನಡುವೆ ನೆಲದ ಮೇಲೆ ಕೂರುತ್ತಾರೆ. ಮಕ್ಕಳು ಅವರ ಹೆಗಲಿಗೆ ಜೋತುಬೀಳುತ್ತವೆ, ಬ್ಯಾಗು ಎಳೆಯುತ್ತವೆ, ಸೆರಗು ಹಿಡಿಯುತ್ತವೆ. ಆ ಟೀಚರ ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲು ಇರಬೇಕೆ? ಸೊಂಟದಲ್ಲಿ ಬೇಡ, ಬೀರುವಿನಲ್ಲಿಟ್ಟು ಬೀಗ ಹಾಕಲಿ ಎನ್ನುವವರುಂಟು. ಹಾಜರಿ ಪುಸ್ತಕ, ಸೀಮೆಸುಣ್ಣ, ಬಿಸಿಯೂಟದ ಲೆಕ್ಕ ಎಲ್ಲ ಇರುವ ಬೀರು ಅದು. ಅದರ ಕೀಲಿಕೈ ಎಲ್ಲಿ ತೂಗುತ್ತದೆಂದು ಏಳನೇ ತರಗತಿಯ ಪ್ರತಿ ಹುಡುಗನಿಗೂ ಗೊತ್ತು. ಬೀಗ ನಿಜಕ್ಕೂ ಭದ್ರವಾಗಿದ್ದು, ಗುಂಡು ಬೇರೆ ಕಡೆ ಇದ್ದರೆ ಆಪತ್ತಿನ ಹೊತ್ತಿಗೆ ಆ ಕೋವಿ ಒದಗುವುದಿಲ್ಲ. ಒದಗುವಂತೆ ಇಟ್ಟರೆ ಅದು ಮಕ್ಕಳಿಗೂ ಸಿಗುತ್ತದೆ. ಈ ಎರಡರ ನಡುವೆ ಮೂರನೇ ದಾರಿಯನ್ನು ಇದುವರೆಗೆ ಯಾರೂ ತೋರಿಸಿಲ್ಲ.

ತೋರಿಸಲು ಹೊರಟವರ ಅನುಭವವನ್ನೇ ನೋಡಿ. 2014ರ ಡಿಸೆಂಬರ್ 16ರಂದು ಪಾಕಿಸ್ತಾನದ ಪೇಶಾವರದ ಸೇನಾ ಶಾಲೆಯಲ್ಲಿ ಉಗ್ರರು 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಕಲ್ಲೂ ಕರಗುವ ದುಃಖ ಅದು. ಮರು ತಿಂಗಳೇ ಖೈಬರ್ ಪಖ್ತೂನ್‌ಖ್ವಾ ಸರ್ಕಾರ ಶಿಕ್ಷಕರು ಶಾಲೆಗೆ ಬಂದೂಕು ತರಬಹುದೆಂದಿತು. 2015ರ ಜುಲೈನಲ್ಲಿ ಅದೇ ಪ್ರಾಂತ್ಯದ ಸ್ವಾತ್ ಕಣಿವೆಯಲ್ಲಿ, ಮಿಂಗೋರಾದ ಶಾಲೆಯೊಂದರ ಶಿಕ್ಷಕ ತನ್ನ ಬಂದೂಕು ಒರೆಸುತ್ತಿದ್ದಾಗ ಗುಂಡು ಹಾರಿತು. ಸತ್ತವನು ಅವನದೇ ವಿದ್ಯಾರ್ಥಿ, 12 ವರ್ಷದ ಹುಡುಗ.

ಅಮೆರಿಕದಲ್ಲಿ 2018ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಹೈಸ್ಕೂಲಿನ ಶಿಕ್ಷಕನೊಬ್ಬ ಸುರಕ್ಷತೆಯ ಪಾಠ ಮಾಡುತ್ತಲೇ ಗುಂಡು ಹಾರಿಸಿಬಿಟ್ಟ. ಅವನು ಪೊಲೀಸ್ ತರಬೇತಿ ಪಡೆದವನು! ಓಹಾಯೋ ರಾಜ್ಯ 2022ರಲ್ಲಿ ಸಶಸ್ತ್ರ ಶಿಕ್ಷಕರ ಕಡ್ಡಾಯ ತರಬೇತಿಯನ್ನು 700ಕ್ಕೂ ಹೆಚ್ಚು ಗಂಟೆಗಳಿಂದ 24 ಗಂಟೆಗೆ ಇಳಿಸಿತು. 2024ರಲ್ಲಿ ಟೆನೆಸಿ ರಾಜ್ಯ ಮಾಡಿದ ಕಾನೂನಿನಲ್ಲಿ ಯಾವ ಶಿಕ್ಷಕರ ಬಳಿ ಬಂದೂಕಿದೆ ಎಂಬುದನ್ನು ಹೆತ್ತವರಿಗೂ ಹೇಳುವಂತಿಲ್ಲ. ನಿಮ್ಮ ಮಗಳ ಪಕ್ಕ ಪಿಸ್ತೂಲಿದೆಯೋ ಇಲ್ಲವೋ ನಿಮಗೇ ತಿಳಿಯಬಾರದು ಎನ್ನುವ ವ್ಯವಸ್ಥೆಯನ್ನು ನೀವು ಒಪ್ಪುತ್ತೀರಾ?

ಬಂದೂಕಿದ್ದರೆ ಎದುರಿಸಬಹುದು ಎಂಬ ಧೈರ್ಯವೂ ಪೊಳ್ಳು. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡೆ ಶಾಲೆಗೆ 376 ಮಂದಿ ಸಶಸ್ತ್ರ ಅಧಿಕಾರಿಗಳು ಬಂದು ಸೇರಿದರು. ಆದರೂ ಕೊಲೆಗಾರನಿದ್ದ ಕೋಣೆಗೆ ನುಗ್ಗಲು ಒಂದು ಗಂಟೆಗೂ ಮೀರಿ ಹೊತ್ತು ಹಿಡಿಯಿತು. 19 ಮಕ್ಕಳು, ಇಬ್ಬರು ಟೀಚರುಗಳು ತೀರಿಹೋದರು. ಬಂದೂಕೇ ಉದ್ಯೋಗವಾದವರು ಹಿಂಜರಿದ ಜಾಗದಲ್ಲಿ, ಮಗ್ಗಿ ಹೇಳಿಸುವ ಮೇಷ್ಟ್ರು ಗುರಿಯಿಟ್ಟು ಹೊಡೆಯಬೇಕೆಂದು ಬಯಸುವುದು ಅನ್ಯಾಯ.

ನಮ್ಮ ದೇಶದಲ್ಲೇ ಬೇರೆ ದಾರಿ ತೋರಿಸಿದವರಿದ್ದಾರೆ. 2023ರ ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದ ಮಾಲ್ದಾ ಜಿಲ್ಲೆಯ ಹೈಸ್ಕೂಲಿನ ಎಂಟನೇ ತರಗತಿಗೆ ಒಬ್ಬ ಪಿಸ್ತೂಲು ಹಿಡಿದು ನುಗ್ಗಿದ. ಕೋಣೆಯ ತುಂಬ ಮಕ್ಕಳು. ಡಿವೈಎಸ್‌ಪಿ ಅಜರುದ್ದೀನ್ ಖಾನ್ ಸಮವಸ್ತ್ರ ಕಳಚಿ, ಟೀ ಶರ್ಟು ತೊಟ್ಟು ಸಾಮಾನ್ಯರಂತೆ ಒಳಗೆ ಹೋದರು. ಸಮಯ ನೋಡಿ ಅವನ ಮೇಲೆ ಬಿದ್ದು ಹಿಡಿದರು. ಒಂದು ಮಗುವಿಗೂ ಗಾಯವಾಗಲಿಲ್ಲ. ಆ ಕೋಣೆಯಲ್ಲಿ ಮೇಷ್ಟ್ರೂ ಬಂದೂಕು ಎತ್ತಿದ್ದರೆ ಎರಡು ಕೋವಿಗಳ ನಡುವೆ ಮಕ್ಕಳ ಗತಿ ಏನಾಗುತ್ತಿತ್ತು? ಯೋಚಿಸಿದರೇ ಮೈ ನಡುಗುತ್ತದೆ.

ಇನ್ನೊಂದು ಸಂಗತಿಯನ್ನು ಮರೆಯಬೇಡಿ. ಅಪಾಯ ಯಾವಾಗಲೂ ಗೇಟಿನ ಆಚೆಯಿಂದಲೇ ಬರುವುದಿಲ್ಲ. 2015ರ ಮಾರ್ಚ್ 31ರಂದು ಬೆಂಗಳೂರಿನ ಕಾಡುಗೋಡಿಯ ವಸತಿ ಕಾಲೇಜಿನಲ್ಲಿ ಪಿಯು ಹುಡುಗಿಯೊಬ್ಬಳು ಗುಂಡೇಟಿಗೆ ಬಲಿಯಾದಳು. ಬಂಧಿತನಾದವನು ಅದೇ ಸಂಸ್ಥೆಯ ನೌಕರ. 2025ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ಒಂಬತ್ತನೇ ತರಗತಿಯ ಹುಡುಗ ಊಟದ ಡಬ್ಬಿಯಲ್ಲಿ ನಾಡಪಿಸ್ತೂಲು ತಂದು ಮೇಷ್ಟ್ರಿಗೇ ಹೊಡೆದ. 2024ರಲ್ಲಿ ಬಿಹಾರದ ಸುಪೌಲ್‌ನಲ್ಲಿ ನರ್ಸರಿಯ ಮಗು ಬ್ಯಾಗಿನಲ್ಲಿ ಬಂದೂಕು ತಂದು ದೊಡ್ಡ ತರಗತಿಯ ಹುಡುಗನನ್ನು ಗಾಯಗೊಳಿಸಿತು. ದೊಡ್ಡವರ ಕೋವಿ ಮಕ್ಕಳ ಬ್ಯಾಗಿಗೆ ಇಷ್ಟು ಸುಲಭವಾಗಿ ಇಳಿಯುವಾಗ, ಶಾಲೆಯೊಳಗೇ ಇನ್ನೊಂದನ್ನು ಇಡುವುದು ಯಾವ ಬುದ್ಧಿ?

ಚಿರತೆಯ ಮಾತಿಗೆ ಬರೋಣ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ಚಿರತೆ ಹೊಕ್ಕಿತ್ತು. ಪುಣ್ಯಕ್ಕೆ ಅಂದು ಭಾನುವಾರ. ಹಿಡಿಯಲು ಹೋದ ಅನುಭವಿಗಳೂ ಗಾಯಗೊಂಡರು, ಕೊನೆಗೆ ಅರಿವಳಿಕೆ ಮದ್ದು ಹೊಡೆದು ಅದನ್ನು ಹಿಡಿದರು. ಗುಂಡು ತಗುಲಿ ಗಾಯಗೊಂಡ ಚಿರತೆ ಸುಮ್ಮನಿದ್ದ ಚಿರತೆಗಿಂತ ಎಷ್ಟು ಪಟ್ಟು ಕ್ರೂರಿ ಎಂದು ಕಾಡಂಚಿನ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅದಕ್ಕೆ ಗಟ್ಟಿ ಬಾಗಿಲು ಬೇಕು, ಕಾಂಪೌಂಡ್ ಬೇಕು. ಇವನ್ನು ಕೇಳುವುದು ನಮ್ಮ ಹಕ್ಕು.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನು, ಮನಸ್ಸಿಗೆ ನೋವು ಕೊಡುವುದನ್ನು ನಿಷೇಧಿಸಿದೆ. ಬೆತ್ತವನ್ನೇ ಮೇಷ್ಟ್ರ ಕೈಯಿಂದ ತೆಗೆದ ಕಾಲದಲ್ಲಿ ಅದೇ ಕೈಗೆ ಕೋವಿ ಕೊಡುವುದೆಂದರೇನು? ಚುನಾವಣೆ ಬಂದರೆ ಊರಿನ ಲೈಸೆನ್ಸ್ ಕೋವಿಗಳನ್ನು ಠಾಣೆಯಲ್ಲಿ ಇಡಿಸಿಕೊಳ್ಳುತ್ತಾರೆ. ಬೆಳೆ ಕಾಯಲು ಕೋವಿ ಇಟ್ಟಿರುವ ನಮ್ಮ ರೈತರಿಗೆ ಇದು ಚೆನ್ನಾಗಿ ಗೊತ್ತು. ಮತಗಟ್ಟೆ ಇರುವುದು ಇದೇ ಶಾಲೆಯ ಕೊಠಡಿಯಲ್ಲಿ. ದೊಡ್ಡವರು ಒಂದು ದಿನ ಬಂದು ಹೋಗುವ ಕೊಠಡಿಗಾಗಿ ಇಡೀ ಊರಿನ ಕೋವಿ ಠಾಣೆ ಸೇರುತ್ತದೆ. ಮಕ್ಕಳು ವರ್ಷಕ್ಕೆ 200 ದಿನಕ್ಕೂ ಹೆಚ್ಚು ಅದೇ ಕೊಠಡಿಯಲ್ಲಿ ಕೂರುತ್ತಾರೆ.

ಕೊಡಗಿನವರನ್ನು ನೋಡಿ ಎನ್ನುವವರಿಗೂ ಒಂದು ಮಾತು. ಕೈಲ್‌ಪೊಳ್ದು ಹಬ್ಬದ ದಿನ ಕೋವಿಗೆ ಪೂಜೆ ಮಾಡುವ, ತಲೆಮಾರುಗಳಿಂದ ಅದನ್ನು ಶಿಸ್ತಿನಿಂದ ಬಳಸುವ ಜನ ಅವರು. ಅವರ ಕೋವಿಯ ಜಾಗ ಐನ್‌ಮನೆ (ಕುಲದ ಮನೆ), ಶಾಲೆಯಲ್ಲ. ಅದೇ ಕೊಡಗಿನ ಪೊನ್ನಂಪೇಟೆಯಲ್ಲಿ 2022ರ ಮೇ ತಿಂಗಳಲ್ಲಿ ಶಿಕ್ಷಣ ಸಂಸ್ಥೆಯೊಂದರ ಆವರಣದೊಳಗೆ ಬಜರಂಗದಳದ ಶಿಬಿರ ನಡೆಯಿತು. ಏರ್‌ಗನ್ ಹಿಡಿದ ಯುವಕರ ಚಿತ್ರಗಳು ರಾಜ್ಯದ ತುಂಬ ಹರಿದಾಡಿದವು. ಆತ್ಮರಕ್ಷಣೆಯ ತರಬೇತಿ ಎಂದರು. ಯಾವ ಸಂಘಟನೆಯೇ ಇರಲಿ, ಯಾವ ಧರ್ಮದವರೇ ಇರಲಿ, ರಜೆಯ ದಿನವೇ ಆಗಿರಲಿ, ಶಾಲೆಯ ಅಂಗಳದಲ್ಲಿ ಗುರಿಯಿಡುವುದನ್ನು ಕಲಿಸಕೂಡದು. 2024ರ ಗಲಭೆಯ ನೋವು ಇನ್ನೂ ಮಾಯದ ನಮ್ಮ ಪಟ್ಟಣದಲ್ಲಂತೂ ಖಂಡಿತ ಕೂಡದು. ಎರಡೂ ಧರ್ಮದ ಕೇರಿಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಜಾಗ ಶಾಲೆಯೊಂದೇ ಉಳಿದಿದೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಕೋವಿ ಇರುವ ರೈತಣ್ಣಂದಿರೇ, ಫಾರ್ಮಿನ ಮಾಲೀಕರೇ, ಈ ಹೊತ್ತೇ ಕೋವಿಯಿಂದ ಗುಂಡು ತೆಗೆಯಿರಿ. ಕೋವಿಗೊಂದು ಬೀಗ, ಗುಂಡಿಗೆ ಇನ್ನೊಂದು ಬೀಗ ಹಾಕಿ ಕೀಲಿಕೈ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಗೋಡೆಗೆ ತೂಗುಹಾಕಬೇಡಿ. ಕೆಲಸದವರ ಮಕ್ಕಳು ಓಡಾಡುವ ಕಡೆಯಂತೂ ಬೇಡವೇ ಬೇಡ. ಶಿಕ್ಷಕರೇ, ಮಗು ಮಂಕಾಗಿದ್ದರೆ, ಸಿಟ್ಟಿನಲ್ಲಿ ಕುದಿಯುತ್ತಿದ್ದರೆ, ಮನೆಯ ಬಂದೂಕಿನ ಬಗ್ಗೆ ಜಂಬ ಕೊಚ್ಚಿದರೆ, ಅಂದೇ ಮನೆಯವರನ್ನು ಕರೆಸಿ ಮಾತಾಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112 ಎಂದು ಪ್ರತಿ ಕೊಠಡಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಪೋಷಕರೇ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಮುಂದಿನ ಸಭೆಗೆ ತಪ್ಪದೆ ಹೋಗಿ. ನಮ್ಮ ಶಾಲೆಯೊಳಗೆ ಯಾರ ಕೈಯಲ್ಲೂ ಬಂದೂಕು ಕೂಡದು, ಆಯುಧ ತರಬೇತಿಗೆ ಆವರಣ ಕೊಡುವುದಿಲ್ಲ, ಕಾಂಪೌಂಡು ಮತ್ತು ಗೇಟು ಈ ವರ್ಷವೇ ಆಗಬೇಕು ಎಂದು ಠರಾವು ಬರೆಸಿ ಸಹಿ ಹಾಕಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ನಿಂತು ಇದನ್ನು ಕೇಳಲಿ. ಠರಾವಿನ ಒಂದು ಪ್ರತಿ ಬಿಇಒ ಕಚೇರಿಗೆ, ಒಂದು ತಹಶೀಲ್ದಾರರಿಗೆ, ಒಂದು ಪೊಲೀಸ್ ಠಾಣೆಗೆ ತಲುಪಿಸಿ, ಮೂರು ಕಡೆಯೂ ಸ್ವೀಕೃತಿ ಪಡೆಯಿರಿ.

— ನಾಗಮಂಗಲ ತಾಲ್ಲೂಕಿನ ಪೋಷಕರು ಮತ್ತು ಶಿಕ್ಷಕರು
(ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ)