ಇದು ಶುಭಂ ಅಲ್ಲ, ಇಂಟರ್ವಲ್!

ಚಿತ್ರಪ್ರೇಮಿ ಗೆಳೆಯರೆ, ಯಾವ ತಾರೆಯ ಮದುವೆ ಮುರಿಯಿತು, ಯಾವ ನಿರ್ಮಾಪಕನ ಚೆಕ್ಕು ವಾಪಸಾಯಿತು ಎಂಬ ಸುದ್ದಿ ಈ ವಾರ ಇಲ್ಲಿಲ್ಲ. ಅದನ್ನು ಪಕ್ಕದ ಪುಟದಲ್ಲಿ ಓದಿಕೊಳ್ಳಿ. ಈ ವಾರ ಇಲ್ಲಿ ಹೊಟ್ಟೆಯ ಸುದ್ದಿ. ಹೌದು, ಹೊಟ್ಟೆಯದೇ!

ಕಾರಣ, ತಿಕೋಟಾದಿಂದ ಬಂದ ಒಂದು ಕಾಗದ. ದ್ರಾಕ್ಷಿ ತೋಟದಲ್ಲಿ ದುಡಿಯುವ ಓದುಗರೊಬ್ಬರು ಬರೆದಿದ್ದಾರೆ. ಅವರ ತಮ್ಮನಿಗೆ ಇಪ್ಪತ್ತೊಂದು ವರ್ಷ. ಉಂಡರೆ ಹೊಟ್ಟೆ ಹಿಂಡುತ್ತದೆ, ವಾಂತಿಯಾಗುತ್ತದೆ, ಮೈ ಇಳಿದು ಕಡ್ಡಿಯಾಗಿದ್ದಾನೆ. ವಿಜಯಪುರದಲ್ಲಿ ತೋರಿಸಿದರೆ ‘ಕ್ರೋನ್ಸ್’ ಎಂಬ ಕಾಯಿಲೆ, ಕರುಳು ಒಂದು ಕಡೆ ಸಣ್ಣಗಾಗಿದೆ, ಆಪರೇಷನ್ ಆಗಬೇಕು ಅಂದರಂತೆ. ಹುಡುಗ ಒಪ್ಪುತ್ತಿಲ್ಲ. “ಹೊಟ್ಟಿಗೆ ಚೀಲ ಕಟ್ಟತಾರಂತ. ಅದನ್ನ ಕಟಗೊಂಡು ತಿರಗೂದಕಿಂತ ಹಿಂಗ ಇರೂದ ಚಲೋ” ಅನ್ನುತ್ತಾನಂತೆ. ನನ್ನ ಆಪರೇಷನ್ ಸಂಗತಿ ಹಿಂದೊಮ್ಮೆ ಈ ಅಂಕಣದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಅದನ್ನು ನೆನಪಿಟ್ಟು ಕೇಳಿದ್ದಾರೆ: “ಅಣ್ಣಾರ, ನೀವು ಹೆಂಗ ದಾಟಿದ್ರಿ? ಅವನಿಗೊಂದ ಮಾತ ಬರೀರಿ.”

ಬರೀತೀನಿ. ನಾನು ಡಾಕ್ಟರಲ್ಲ, ಪಿಯುಸಿ ಅರ್ಧಕ್ಕೆ ಬಿಟ್ಟವನು. ಆದರೆ ಈ ಚಿತ್ರದಲ್ಲಿ ಪಾತ್ರ ಮಾಡಿದವನು!

ನಮ್ಮ ಸಿನಿಮಾದಲ್ಲಿ ರೋಗಕ್ಕೂ ಒಂದು ಅಂತಸ್ತಿದೆ. ಹೀರೋಗೆ ಬಂದರೆ ಹೃದಯದ ಕಾಯಿಲೆ ಬರಬೇಕು, ಇಲ್ಲವೆ ಕೆಮ್ಮಿದಾಗ ಬಿಳಿ ಕರವಸ್ತ್ರದ ಮೇಲೆ ಕೆಂಪು ಚುಕ್ಕೆ ಬೀಳಬೇಕು. 1982ರ ‘ಹಾಲು ಜೇನು’ ಚಿತ್ರದಲ್ಲಿ ಅಣ್ಣಾವ್ರ ಹೆಂಡತಿಗೆ ಕ್ಯಾನ್ಸರ್. ಅತ್ತವರೆಷ್ಟು ಮಂದಿ! 1971ರ ಹಿಂದಿ ‘ಆನಂದ್’ನಲ್ಲಿ ರಾಜೇಶ್ ಖನ್ನಾಗೆ ಬಂದದ್ದಂತೂ ಕರುಳಿನ ಕ್ಯಾನ್ಸರೇ. ಆದರೆ ಆ ಆನಂದ ಹೊಟ್ಟೆ ಹಿಡಿದುಕೊಂಡು ಸಂಡಾಸಕ್ಕೆ ಓಡುವ ದೃಶ್ಯ ನಿಮಗೆ ನೆನಪಿದೆಯೆ? ಇಲ್ಲ. ಹೀರೋ ನಗ್ತಾನೆ, ಹಾಡ್ತಾನೆ, ಸಾಯ್ತಾನೆ. ಸಂಡಾಸಕ್ಕೆ ಮಾತ್ರ ಹೋಗೋದಿಲ್ಲ! ಅದಕ್ಕೇ ನಮ್ಮ ಹುಡುಗರು ಎದೆನೋವು ಅಂತ ಹೇಳಿಯಾರು, ಹೊಟ್ಟೆಯ ಈ ಸಂಕಟ ಮಾತ್ರ ಹೆತ್ತ ಅವ್ವನ ಮುಂದೆಯೂ ಬಾಯಿಬಿಡೋದಿಲ್ಲ.

ನನಗೆ ಇದು ಶುರುವಾದಾಗ ಹದಿನೇಳು. ಬಬಲೇಶ್ವರದಿಂದ ದಿನಾ ವಿಜಯಪುರದ ಕಾಲೇಜಿಗೆ ಬಸ್ಸು. ಬಸ್ಸಿನಲ್ಲಿ ಕೂತರೆ ಬೆವರು. ಇಳಿದ ತಕ್ಷಣ ಬಸ್ ಸ್ಟ್ಯಾಂಡಿನ ಸಂಡಾಸಕ್ಕೆ ಓಟ. ದಿನಕ್ಕೆ ಹತ್ತು ಸಲ. ಪರೀಕ್ಷೆಯ ಹಾಲಿನಿಂದ ಮೂರನೇ ಸಲ ಎದ್ದಾಗ ಮೇಲ್ವಿಚಾರಕರು, “ಎಲ್ಲೀಟ್ಟೀಯೋ ಕಾಪಿ ಚೀಟಿ?” ಎಂದು ಜೇಬು ತಡವಿದರು. ಆ ವರ್ಷ ಹೋಯಿತು. ಮರುವರ್ಷ ಕಾಲೇಜೇ ಹೋಯಿತು.

ಮೊದಲು ಟಿ.ಬಿ. ಎಂದು ಆರು ತಿಂಗಳು ಗುಳಿಗೆ ನುಂಗಿಸಿದರು. ಅದಕ್ಕಾಗಿ ನಾನು ಯಾರನ್ನೂ ಬೈಯುವುದಿಲ್ಲ. ಕರುಳಿನ ಟಿ.ಬಿ. ಮತ್ತು ಕ್ರೋನ್ಸ್ ಎರಡೂ ದ್ವಿಪಾತ್ರದ ಅಣ್ಣತಮ್ಮಂದಿರ ಹಾಗೆ. ಎರಡಕ್ಕೂ ಪ್ರಿಯವಾದ ಜಾಗ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ತುದಿ. ಅದೇ ನೋವು, ಅದೇ ಜ್ವರ, ಅದೇ ತೂಕ ಇಳಿಯುವುದು. ಕ್ಯಾಮೆರಾ ಕೊಳವೆ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿದರೂ ಕೆಲವೊಮ್ಮೆ ಗುಟ್ಟು ಬಿಡುವುದಿಲ್ಲ. ಟಿ.ಬಿ. ಗುಳಿಗೆಗೆ ಕರುಳಿನ ಹುಣ್ಣು ಮಾಯದಿದ್ದಾಗ ಇನ್ನೊಬ್ಬ ಅಣ್ಣನ ಮೇಲೆ ಸಂಶಯ ಹೋಗುತ್ತದೆ. ಇದು ಬಿಳಿಯರ ದೇಶದ ಕಾಯಿಲೆ, ನಮ್ಮಲ್ಲಿ ಅಪರೂಪ ಎಂಬ ನಂಬಿಕೆಯೂ ಬಹಳ ಕಾಲ ಇತ್ತು. ಅದು ನಿಜವಾಗಿಯೂ ಅಪರೂಪವೇ ಎಂದು 2000ದಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಪ್ರಶ್ನೆ ಎತ್ತಿದವರು ನಮ್ಮ ಕರ್ನಾಟಕದವರೇ, ಮಣಿಪಾಲದ ಡಾಕ್ಟರುಗಳು.

ಹೆಸರಿನ ಕಥೆಯಂತೂ ಥೇಟ್ ಗಾಂಧಿನಗರದ್ದು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಮೂವರು, ಕ್ರೋನ್, ಗಿಂಜ್‌ಬರ್ಗ್ ಮತ್ತು ಆಪನ್‌ಹೈಮರ್, 14 ರೋಗಿಗಳ ವಿವರ ಪ್ರಕಟಿಸಿದರು. ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಹಾಕಲಾಯಿತು. ಮೊದಲು ಬಂದದ್ದು ಕ್ರೋನ್. ಟೈಟಲ್ ಕಾರ್ಡಿನಲ್ಲಿ ಮೊದಲು ಬಂದವರ ಹೆಸರೇ ಕಾಯಿಲೆಗೆ ಉಳಿಯಿತು! ಇದು ಹೆಚ್ಚಾಗಿ ಪ್ರಾಯದವರಿಗೆ ಬರುತ್ತದೆ ಎಂದು ಅವರು ಆಗಲೇ ಬರೆದಿದ್ದರು. ಅಂದರೆ ನನಗೆ, ನಿಮಗೆ, ತಿಕೋಟಾದ ಆ ತಮ್ಮನಿಗೆ.

ಕಾಯಿಲೆ ಏನು ಅಂತೀರಾ? ಮೈಯನ್ನು ಕಾಯಬೇಕಾದ ಪಹರೆಯವರೇ ಕರುಳಿನ ಗೋಡೆಯ ಮೇಲೆ ದಂಡೆತ್ತಿ ಹೋಗುತ್ತಾರೆ. ಹುಣ್ಣಾಗುತ್ತದೆ, ಬಾಯುತ್ತದೆ, ಮಾಯುತ್ತದೆ, ಮತ್ತೆ ಹುಣ್ಣು. ಮಾಯ್ದ ಕಲೆ ಗಟ್ಟಿಯಾಗಿ ಕೊಳವೆ ಸಣ್ಣಗಾಗುತ್ತದೆ. ಇದು ಅಂಟುರೋಗವಲ್ಲ. ಒಂದೇ ತಾಟಿನಲ್ಲಿ ಉಂಡರೂ ಬರುವುದಿಲ್ಲ. ಯಾರ ದೃಷ್ಟಿಯೂ ತಾಕಿದ್ದಲ್ಲ, ಯಾರ ಪಾಪವೂ ಅಲ್ಲ.

ನನಗೆ ಇಪ್ಪತ್ತನಾಲ್ಕಾದಾಗ ಕರುಳು ಸಣ್ಣಗಾಗಿದ್ದಲ್ಲದೆ ಪಕ್ಕದಲ್ಲಿ ಕೀವೂ ತುಂಬಿತ್ತು. ವಿಜಯಪುರದಲ್ಲೇ ಆಪರೇಷನ್. ಸಣ್ಣ ಕರುಳಿನ ಉದ್ದ ಸುಮಾರು 20 ಅಡಿ. ನನ್ನದರಲ್ಲಿ ಒಂದು ಅಡಿ ಹೋಯಿತು. ಎಚ್ಚರಾದಾಗ ಮೂಗಿನಲ್ಲಿ ಒಂದು ಕೊಳವೆ, ಹೊಟ್ಟೆಯಲ್ಲೊಂದು, ಕೈಯಲ್ಲೊಂದು. ಹೊಟ್ಟೆಯ ಬಲಗಡೆ, ತಿಕೋಟಾದ ತಮ್ಮ ಹೆದರಿರುವ ಅದೇ ಚೀಲ!

ನೋವಿತ್ತೆ? ಇತ್ತು. ಮೊದಲ ಮೂರು ದಿನ ಕೆಮ್ಮಿದರೆ ಹೊಲಿಗೆಯೆಲ್ಲ ಬಿಚ್ಚಿತೇನೋ ಅನ್ನಿಸುತ್ತಿತ್ತು. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮೋದನ್ನು ಸಿಸ್ಟರ್ ಕಲಿಸಿದರು. ಎರಡನೇ ದಿನವೇ ಎಬ್ಬಿಸಿ ನಡೆಸಿದರು. ಡಾಕ್ಟರು ರೌಂಡಿಗೆ ಬಂದಾಗೆಲ್ಲ ಕೇಳುತ್ತಿದ್ದ ಪ್ರಶ್ನೆ ಒಂದೇ: “ಏನ್ ತಮ್ಮಾ, ಚೀಲದಾಗ ಗಾಳಿ ಬಂತೇನು?” ಗಾಳಿ ಬಂದರೆ ಕರುಳು ಕೆಲಸ ಶುರು ಮಾಡಿತು ಅಂತ ಅರ್ಥ. ನಮ್ಮವ್ವ ಸಿದ್ಧೇಶ್ವರನಿಗೆ ಹರಕೆ ಹೊತ್ತಳು. ಅಪ್ಪ ಚೀಲವನ್ನೇ ನೋಡುತ್ತ ಕೂತ. ಮೂರನೇ ದಿನ ರಾತ್ರಿ ಚೀಲ ಪುಗ್ಗದಂತೆ ಉಬ್ಬಿತು ನೋಡಿ, ಪಕ್ಕದ ಮಂಚದ ಕಾಕಾ ಸಿಳ್ಳೆ ಹೊಡೆದ! ಯಾವ ಹೀರೋನ ಎಂಟ್ರಿಗೂ ಅಂಥ ಸಿಳ್ಳೆ ಬಿದ್ದಿರಲಿಕ್ಕಿಲ್ಲ.

ಈಗ ಆ ಚೀಲದ ಮಾತು. ತಮ್ಮಾ, ಇದು ನಿನಗೇ.

ಹೊಟ್ಟೆಯ ಮೇಲೆ ಕರುಳಿನ ಬಾಯಿ ತುಟಿಯ ಒಳಭಾಗದ ಹಾಗೆ ಕೆಂಪಗಿರುತ್ತದೆ. ಮುಟ್ಟಿದರೆ ನೋವಿಲ್ಲ. ಅದರ ಮೇಲೆ ಚೀಲ ಅಂಟಿಕೊಂಡಿರುತ್ತದೆ. ದಿನಕ್ಕೆ ಐದಾರು ಸಲ ಖಾಲಿ ಮಾಡಬೇಕು, ಕೆಲವು ದಿನಕ್ಕೊಮ್ಮೆ ಬದಲಿಸಬೇಕು. ಸರಿಯಾಗಿ ಕೂತರೆ ವಾಸನೆ ಹೊರಗೆ ಬರೋದಿಲ್ಲ. ಅಂಗಿಯ ಕೆಳಗೆ ಯಾರಿಗೂ ಗೊತ್ತಾಗೋದಿಲ್ಲ. ಒಂದೂವರೆ ತಿಂಗಳಿಗೆ ಚೀಲ ಸಮೇತ ಟಾಕೀಸಿಗೆ ಹೋದೆ. ಸಿನಿಮಾದ ದುಃಖದ ದೃಶ್ಯದಲ್ಲಿ, ಎಲ್ಲರೂ ಮೂಗು ಒರೆಸುವ ಹೊತ್ತಿಗೆ ನನ್ನ ಹೊಟ್ಟೆ ‘ಗುರ್ರ್’ ಅಂತು. ಪಕ್ಕದ ಸೀಟಿನವರು “ಹಸಿವಾಗೇತೇನೋ ತಮ್ಮಾ?” ಎಂದು ಶೇಂಗಾದ ಪೊಟ್ಟಣ ಚಾಚಿದರು. ಅಷ್ಟೇ ಆದದ್ದು. ಜಗತ್ತು ಮುಳುಗಲಿಲ್ಲ.

ಮೂರು ತಿಂಗಳಿಗೆ ಎರಡನೇ ಸಣ್ಣ ಆಪರೇಷನ್ ಮಾಡಿ ಕರುಳನ್ನು ಒಳಗೆ ಜೋಡಿಸಿದರು. ಚೀಲಕ್ಕೆ ವಿದಾಯ. ಎಲ್ಲರಿಗೂ ಚೀಲ ಬೇಕೇ ಬೇಕು ಅಂತಿಲ್ಲ. ಎಷ್ಟೋ ಜನರಿಗೆ ಕೆಟ್ಟ ಭಾಗ ತೆಗೆದು ಅಲ್ಲೇ ಜೋಡಿಸಿಬಿಡುತ್ತಾರೆ. ಕೀವು ತುಂಬಿದ್ದರೆ, ಮೈಯಲ್ಲಿ ಶಕ್ತಿ ತೀರಾ ಇಳಿದಿದ್ದರೆ, ಅರ್ಧರಾತ್ರಿ ತುರ್ತಾಗಿ ಹೊಟ್ಟೆ ತೆರೆಯಬೇಕಾಗಿ ಬಂದರೆ ಚೀಲದ ಸಂಭವ ಹೆಚ್ಚು. ಲೆಕ್ಕ ಹಾಕು ತಮ್ಮಾ. ಚೀಲಕ್ಕೆ ಹೆದರಿ ನೀನು ದಿನ ದೂಡಿದಷ್ಟೂ ಚೀಲವೇ ನಿನ್ನ ಹತ್ತಿರ ಬರುತ್ತದೆ. ಈಗ ತೂಕ ಸ್ವಲ್ಪ ಏರಿಸಿಕೊಂಡು, ತಾರೀಖು ಗೊತ್ತು ಮಾಡಿಕೊಂಡು ನಡೆದು ಹೋದರೆ ಅದು ಬೇರೆ ಮಾತು. ಹೊಟ್ಟೆ ಉಬ್ಬಿ, ವಾಂತಿ ನಿಲ್ಲದೆ, ಗಾಳಿಯೂ ಹೋಗದೆ ಮಂಚದ ಮೇಲೆ ಹೊತ್ತು ತಂದರೆ ಅದು ಬೇರೆಯೇ ಮಾತು. ಕೆಲವರಿಗೆ ಚೀಲ ಕಾಯಂ ಆಗುತ್ತದೆ, ನಿಜ. ಅವರೂ ದುಡೀತಾರೆ, ಮದುವೆಯಾಗ್ತಾರೆ, ಮಕ್ಕಳನ್ನು ಎತ್ತಿ ಆಡಿಸ್ತಾರೆ.

ದೊಡ್ಡವರ ಉದಾಹರಣೆ ಬೇಕೆ? ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಇದೇ ಕಾಯಿಲೆ. 1956ರ ಜೂನ್‌ನಲ್ಲಿ ಕರುಳು ಕಟ್ಟಿ ರಾತ್ರೋರಾತ್ರಿ ಆಪರೇಷನ್ ಆಯಿತು. ಆಗ ಅವರಿಗೆ 65 ವರ್ಷ. ಅದೇ ವರ್ಷ ನವೆಂಬರ್‌ನಲ್ಲಿ ಚುನಾವಣೆ ಗೆದ್ದು ಮತ್ತೆ ಅಧ್ಯಕ್ಷರಾದರು. ನಿನಗೆ ಇನ್ನೂ ಇಪ್ಪತ್ತೊಂದು!

ಆದರೆ ಗೆಳೆಯರೆ, ಇಲ್ಲಿ ಒಂದು ಕಹಿ ಮಾತು. ಆಪರೇಷನ್ ಆದಮೇಲೆ ‘ಶುಭಂ’ ಅಂತ ಪರದೆ ಬೀಳೋದಿಲ್ಲ. ಇದು ಇಂಟರ್ವಲ್ ಮಾತ್ರ. ಆಪರೇಷನ್ ಅಡಚಣೆ ತೆಗೆಯುತ್ತದೆ, ಕಾಯಿಲೆಯನ್ನು ಬುಡಸಮೇತ ಕೀಳುವುದಿಲ್ಲ. ರೀಲಿನ ಕಾಲದಲ್ಲಿ ತುಂಡಾದ ಫಿಲ್ಮನ್ನು ಅಂಟಿಸುತ್ತಿದ್ದರಲ್ಲ, ಮತ್ತೆ ಹರಿಯುತ್ತಿದ್ದದ್ದು ಆ ಜೋಡಣೆಯ ಹತ್ತಿರವೇ. ಈ ಕಾಯಿಲೆಯೂ ಮರಳಿದರೆ ಬಹುತೇಕ ಜೋಡಣೆಯ ಹತ್ತಿರವೇ. ಅದಕ್ಕೇ ಆರು ತಿಂಗಳಿಂದ ವರ್ಷದೊಳಗೆ ಮತ್ತೊಮ್ಮೆ ಕ್ಯಾಮೆರಾ ಕೊಳವೆ ಹಾಕಿ ನೋಡುತ್ತಾರೆ, ನೋವಿರಲಿ ಇಲ್ಲದಿರಲಿ. ತಪ್ಪಿಸಬೇಡಿ.

ಎರಡನೇ ಅರ್ಧದ ಖಳನಾಯಕ ಯಾರು ಗೊತ್ತೆ? ಬೀಡಿ, ಸಿಗರೇಟು! ಸೇದುವವರಿಗೆ ಕಾಯಿಲೆ ಮರಳುವ ಸಂಭವ ಸುಮಾರು ಎರಡು ಪಟ್ಟು. ಪರದೆ ಮೇಲೆ ಸ್ಟೈಲಾಗಿ ಹೊಗೆ ಬಿಡುವ ಹೀರೋಗೆ ಕರುಳು ಕತ್ತರಿಸಿಲ್ಲ, ನಮಗೆ ಕತ್ತರಿಸಿದೆ. ಇನ್ನೊಬ್ಬ ಸಣ್ಣ ಖಳ ಮೆಡಿಕಲ್ ಶಾಪಿನ ನೋವಿನ ಗುಳಿಗೆ. ಬ್ರೂಫೆನ್, ಡೈಕ್ಲೊಫೆನಾಕ್‌ನಂಥವು ಈ ಕರುಳಿಗೆ ಆಗಿಬರೋದಿಲ್ಲ. ಡಾಕ್ಟರನ್ನು ಕೇಳದೆ ನುಂಗಬೇಡಿ. ಸಣ್ಣ ಕರುಳಿನ ತುದಿ ತೆಗೆದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಬಹುದು. ನನಗಂತೂ ಅದರ ಇಂಜೆಕ್ಷನ್ ಬೇಕು, ಜೊತೆಗೆ ಅಜಥಯೋಪ್ರಿನ್ ಗುಳಿಗೆ, ಅದಕ್ಕೆ ಆಗಾಗ ರಕ್ತಪರೀಕ್ಷೆ. ಬೇಸರ ಬರುತ್ತೆ. ಆದರೂ ಹೋಗ್ತೀನಿ.

ಊಟದ ಮಾತು. ಕರುಳು ಸಣ್ಣಗಾಗಿದ್ದಾಗ ಸಿಪ್ಪೆ, ಬೀಜ, ಹಸಿ ತರಕಾರಿ ಸಿಕ್ಕಿಕೊಳ್ಳುತ್ತವೆ. ತಿಕೋಟಾದವನಿಗೆ ದ್ರಾಕ್ಷಿ, ಒಣದ್ರಾಕ್ಷಿ ಬೇಡ ಅನ್ನೋದು ಅನ್ಯಾಯವೇ! ಆದರೆ ಆಪರೇಷನ್ ಆಗುವತನಕ ಬೇಡ. ನನಗೆ ಆಮೇಲೆ ಮೊದಲು ಗಂಜಿ, ಮೆತ್ತನ್ನ ಅನ್ನ, ಮೊಸರು. ಎರಡು ತಿಂಗಳ ಮೇಲೆ ಅವ್ವ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಕೊಟ್ಟಳು. ಕಟಕ ರೊಟ್ಟಿ, ಶೇಂಗಾ ಹಿಂಡಿ ಈಗ ತಿನ್ನುತ್ತೇನೆ, ಚೆನ್ನಾಗಿ ಅಗಿದು, ಸ್ವಲ್ಪ ಸ್ವಲ್ಪ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗೋದಿಲ್ಲ, ನಿಮ್ಮ ಹೊಟ್ಟೆಯನ್ನೇ ಕೇಳಿ.

ದುಡ್ಡಿನ ಮಾತು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮ ಆಪರೇಷನ್ ಅದರಲ್ಲಿ ಬರುತ್ತದೆಯೆ, ಸರ್ಕಾರಿ ದವಾಖಾನಿಯ ಚೀಟಿ ಬೇಕೆ ಎಂದು ದಾಖಲಾಗುವ ಮೊದಲೇ ವಿಚಾರಿಸಿ.

ಕೊನೆಗೆ, ಇಂಥ ಗೆಳೆಯನಿರುವ ಉಳಿದ ಹುಡುಗರಿಗೆ ಎರಡು ಮಾತು. ಅವನು ಹತ್ತು ಸಲ ಎದ್ದು ಹೋದರೆ ನಗಬೇಡಿ. ಗುಂಪಿನ ಮುಂದೆ ಏನಾಯ್ತೋ ಅಂತ ಕೇಳಬೇಡಿ. ಹೊಸ ಪಿಕ್ಚರ್ ಬಂದಾಗ ಅವನನ್ನು ಬಿಟ್ಟು ಹೋಗಬೇಡಿ. ಟಿಕೆಟ್ ತೆಗೆಯುವಾಗ ಬಾಗಿಲ ಪಕ್ಕದ ಸೀಟು ಕೇಳಿ ಅವನಿಗೆ ಕೊಡಿ. ಮಧ್ಯೆ ಎದ್ದು ಹೋಗಿ ಬಂದರೆ ಅಷ್ಟರಲ್ಲಿ ಏನೇನಾಯ್ತು ಅಂತ ಮೆಲ್ಲಗೆ ಕಿವಿಯಲ್ಲಿ ಹೇಳಿ. ಇಷ್ಟೇ ಸಾಕು.