ಮಗನ ಕುಡಿತ ಬಿಡಿಸಲು ಹಣ: ಎಷ್ಟು? ಯಾರ ಕೈಗೆ?

ವಯಸ್ಸಿಗೆ ಬಂದ ಮಗ ಕುಡಿತದ ದಾಸನಾದಾಗ ಹೆತ್ತವರು ವೈದ್ಯರೆದುರು ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಎಷ್ಟರೆ ಖರ್ಚಾಗ್ಲಿ ಸಾಹೇಬ್ರ, ಇವನ ಕುಡಿತ ಬಿಡಸ್ರಿ.’ ಗಂಗಾವತಿಯ ಭತ್ತದ ಗದ್ದೆಯವರಿರಲಿ, ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ರೈತರಿರಲಿ, ಮಾತು ಬದಲಾಗುವುದಿಲ್ಲ. ಹಣ ಹೊಂದಿಸುವ ದಾರಿ ಮಾತ್ರ ಬೇರೆ. ಒಬ್ಬರು ಬ್ಯಾಂಕಿನ ಠೇವಣಿ ಮುರಿಸುತ್ತಾರೆ, ಇನ್ನೊಬ್ಬರು ಎತ್ತು ಮಾರುತ್ತಾರೆ, ಮತ್ತೊಬ್ಬರು ಸೊಸೆಯ ಕೊರಳಿನ ಸರ ಒತ್ತೆ ಇಡುತ್ತಾರೆ.

ಮಗನಿಗೆ ಸಹಾಯ ಮಾಡಲೇಬೇಕು. ಆದರೆ ‘ಎಷ್ಟಾದರೂ ಆಗಲಿ’ ಎಂಬ ಮಾತನ್ನು ಬಿಡಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲೆಕ್ಕವಿಲ್ಲದೆ ಸುರಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೊದಲ ವಾರಕ್ಕೆ ಹೆಚ್ಚು ಹಣ ಬೇಕಿಲ್ಲ

ದಿನವೂ ಅತಿಯಾಗಿ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುತ್ತವೆ, ಬೆವರುತ್ತದೆ, ನಿದ್ದೆ ಹಾರುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ ಹಿಡಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುವ ಸಾಹಸ ಬೇಡ. ಈ ಹಂತಕ್ಕೆ ಬೇಕಾದದ್ದು ವೈದ್ಯರ ನಿಗಾ, ನಡುಕ ಇಳಿಸುವ ಮಾತ್ರೆ, ಥಯಮಿನ್ ಎಂಬ ಬಿ1 ಜೀವಸತ್ವ ಮತ್ತು ಸರಿಯಾದ ಆಹಾರ. ಸಾಮಾನ್ಯವಾಗಿ ವಾರ, ಹತ್ತು ದಿನ ಸಾಕು.

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಇಂಥ ರೋಗಿಯನ್ನು ದೂರದ ಊರಿಗೆ ಒಯ್ಯಬೇಕಿತ್ತು. ಇಂದು ಕೊಪ್ಪಳದಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮನೋವೈದ್ಯರಿದ್ದಾರೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಇವುಗಳ ಬಾಗಿಲು ತಟ್ಟದೆ ಹೊಲ ಮಾರಿ ದುಬಾರಿ ಕೇಂದ್ರ ಹುಡುಕುವುದು ಜಾಣತನವಲ್ಲ.

ಖಾಸಗಿ ಕೇಂದ್ರಕ್ಕೇ ಸೇರಿಸುವಿರಾದರೆ ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿಯಾಗಿದೆಯೇ? ವೈದ್ಯರು ಬಂದು ನೋಡುತ್ತಾರೆಯೇ? ಮನೆಯವರ ಭೇಟಿಗೆ ಅವಕಾಶವಿದೆಯೇ? ಬಿಡುಗಡೆಯಾದ ಮೇಲೆ ಮುಂದೇನು? ಸರಪಳಿಯಲ್ಲಿ ಕಟ್ಟಿಹಾಕುವುದನ್ನು ಇದೇ ಕಾಯ್ದೆ ನಿಷೇಧಿಸಿದೆ ಎಂಬುದೂ ನೆನಪಿರಲಿ. ಆರೋಗ್ಯ ವಿಮೆ ಇದ್ದವರು ಮಾನಸಿಕ ಚಿಕಿತ್ಸೆಯ ಖರ್ಚು ಅದರಲ್ಲಿ ಸೇರುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ವರ್ಷದ ಲೆಕ್ಕ ಹಾಕಿ

ಕುಡಿತದ ಚಟ ಸಕ್ಕರೆ ಕಾಯಿಲೆಯ ಹಾಗೆ ದೀರ್ಘಕಾಲದ ಕಾಯಿಲೆ. ಒಂದು ತಿಂಗಳು ಒಳಗಿದ್ದು ಬಂದ ಮಾತ್ರಕ್ಕೆ ಮುಗಿಯಿತೆಂದಲ್ಲ. ಬಹಳ ಮನೆಗಳಲ್ಲಿ ಎಲ್ಲ ಹಣವೂ ಆ ಮೊದಲ ತಿಂಗಳಿಗೇ ಖರ್ಚಾಗಿ, ಮುಂದಿನ ಹನ್ನೊಂದು ತಿಂಗಳ ಮಾತ್ರೆಗೆ, ಬಸ್ಸಿನ ಖರ್ಚಿಗೆ, ವೈದ್ಯರ ಭೇಟಿಗೆ ಏನೂ ಉಳಿದಿರುವುದಿಲ್ಲ. ಮಗ ಮತ್ತೆ ಜಾರುವುದು ಆಗಲೇ.

ಕುಡಿಯಬೇಕೆಂಬ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳಿವೆ; ಕೆಲವು ತಿಂಗಳಾದರೂ ನುಂಗಬೇಕು. ಇನ್ನೊಂದು ಡೈಸಲ್ಫಿರಾಂ. ಇದನ್ನು ತೆಗೆದುಕೊಂಡು ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ರಕ್ತದೊತ್ತಡ ಕುಸಿಯುತ್ತದೆ. ಆದ್ದರಿಂದ ಸಾರಿನಲ್ಲಿ, ಚಹಾದಲ್ಲಿ ಗುಟ್ಟಾಗಿ ಬೆರೆಸಿಕೊಡುವುದು ಜೀವಕ್ಕೇ ಅಪಾಯ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ’ ಎಂಬ ಪುಡಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಣ ಬೇಡದ ನೆರವೂ ಇದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಬಂದವರಿಗೆ ನವಜೀವನ ಸಮಿತಿಗಳಿವೆ. ಕುಷ್ಟಗಿಗೆ ಹತ್ತಿರದ ಇಳಕಲ್ಲಿನ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಬೇಡಿದ್ದು ಹಣವನ್ನಲ್ಲ, ಜನರ ದುಶ್ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ. ಆದರೆ ಅತಿಯಾಗಿ ಕುಡಿಯುವವರು ಶಿಬಿರಕ್ಕೆ ಹೋಗುವ, ಆಣೆ ಮಾಡುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳಲೇಬೇಕು.

ಕೈಗೆ ಹಣ ಬೇಡ

ಆಸ್ಪತ್ರೆಯ ಬಿಲ್ಲನ್ನು ಆಸ್ಪತ್ರೆಗೇ ಕಟ್ಟಿ, ಮಾತ್ರೆಯನ್ನು ನೀವೇ ತನ್ನಿ. ಮಗನಿಗೆ ಕೆಲಸಕ್ಕೆ ಹೋಗಿಬರಲು ಹಣ ಬೇಕೆ? ಬಸ್ ಪಾಸ್ ಮಾಡಿಸಿಕೊಡಿ. ಸಾರಾಯಿ ಅಂಗಡಿಯ ಬಾಕಿ, ಕೈಗಡ ತೀರಿಸಲು ಹೋಗಬೇಡಿ. ಜಾಮೀನು ಹಾಕದ ಹೊರತು ವಯಸ್ಕ ಮಗನ ಸಾಲಕ್ಕೆ ತಂದೆ ಹೊಣೆಯಲ್ಲ. ‘ಪಾಪ, ಕೈಯಲ್ಲಿ ಏನೂ ಇಲ್ಲ’ ಎಂದು ತಾಯಿ ಸೆರಗಿನ ಗಂಟು ಬಿಚ್ಚಿ ಕೊಡುವ ನೂರು ರೂಪಾಯಿ ಎಷ್ಟೋ ಬಾರಿ ತಂದೆ ಖರ್ಚು ಮಾಡಿದ ಸಾವಿರಾರು ರೂಪಾಯಿಗಳನ್ನು ತೊಳೆದುಬಿಡುತ್ತದೆ. ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು.

ಮಗ ದುಡಿಯತೊಡಗಿದ ಮೇಲೆ ಚಿಕಿತ್ಸೆಯ ಖರ್ಚಿನಲ್ಲಿ ಸ್ವಲ್ಪವನ್ನಾದರೂ ಅವನೇ ಕೊಡಲಿ. ಅದು ಶಿಕ್ಷೆಯಲ್ಲ, ತನ್ನ ಕಾಯಿಲೆಗೆ ತಾನು ಜವಾಬ್ದಾರ ಎಂಬ ಅರಿವು.

ಮತ್ತೆ ಕುಡಿದರೆ?

ಕುಡಿಯಬಹುದು. ಅದರರ್ಥ ಎಲ್ಲವೂ ವ್ಯರ್ಥವಾಯಿತೆಂದಲ್ಲ, ಚಿಕಿತ್ಸೆ ಮುಂದುವರಿಯಬೇಕೆಂದು. ಮತ್ತೆ ಆಸ್ಪತ್ರೆಗೆ ಕರೆದೊಯ್ಯಿರಿ, ಆದರೆ ಮತ್ತೆ ಹೊಸ ಸಾಲ ಮಾಡಬೇಡಿ. ಇದಕ್ಕಾಗಿಯೇ ಚಿಕಿತ್ಸೆ ಆರಂಭಿಸುವ ಮೊದಲೇ ಗಂಡ, ಹೆಂಡತಿ, ಸೊಸೆ ಕೂಡಿ ಕುಳಿತು ಒಂದು ಕಾಗದದಲ್ಲಿ ಬರೆದಿಡಿ: ಇಷ್ಟು ಹಣ ಕೊಡಬಲ್ಲೆವು, ಇದನ್ನು ಮುಟ್ಟುವುದಿಲ್ಲ. ಮುಟ್ಟಬಾರದ ಪಟ್ಟಿಯಲ್ಲಿ ನಿಮ್ಮ ಬಿ.ಪಿ. ಮಾತ್ರೆಯ ಹಣ, ಊಟ ಕೊಡುವ ಹೊಲ, ಸೊಸೆಯ ಒಡವೆ, ಮೊಮ್ಮಕ್ಕಳ ಶಾಲೆಯ ಖರ್ಚು ಇರಲಿ. ಒಬ್ಬನನ್ನು ಉಳಿಸಲು ಹೋಗಿ ಐದು ಜನ ಬೀದಿಗೆ ಬಂದರೆ, ಗುಣವಾದ ಮಗ ಮರಳುವುದಾದರೂ ಯಾವ ಮನೆಗೆ?

ಎಲ್ಲಿಂದ ಆರಂಭಿಸುವುದೆಂದು ತೋಚದವರು 14446 (ವ್ಯಸನಮುಕ್ತಿ ಸಹಾಯವಾಣಿ) ಅಥವಾ 14416 (ಟೆಲಿ ಮಾನಸ್) ಸಂಖ್ಯೆಗೆ ಫೋನ್ ಮಾಡಿ. ಹೊಲದ ಕಾಗದ ಹೊರತೆಗೆಯುವ ಮೊದಲು ಮಾಡಬೇಕಾದ ಕೆಲಸ ಇದು.